ನಿಂತು ಮಾಡುವ ಕೆಲಸದ ಯಂತ್ರ

“ನೋಡೂದಕ್ಕ ಟ್ಯಾಬ್, ಮಾಡೂದಕ್ಕ ಲ್ಯಾಪ್‌ಟಾಪ್.” ಬೈಲಹೊಂಗಲದ ಮೊಬೈಲ್ ಅಂಗಡಿಯಲ್ಲಿ ಕೇಳಿ, ಕಿತ್ತೂರು ಅಥವಾ ಸವದತ್ತಿಯ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೇಳಿ, ಮಗಳಿಗೆ ಏನು ಕೊಡಿಸಲಿ ಎಂದು ಯೋಚಿಸುತ್ತಿರುವ ರಾಮದುರ್ಗದ ನೇಕಾರ ಮನೆತನದಲ್ಲಿ ಕೇಳಿ, ಉತ್ತರ ಇದೇ. ಟ್ಯಾಬ್ಲೆಟ್ ಅಂದರೆ ದೊಡ್ಡ ಫೋನು. ಸಿನಿಮಾಕ್ಕೆ, ಪಾಠದ ವಿಡಿಯೊಗೆ, ಪಿಡಿಎಫ್ ಓದುವುದಕ್ಕೆ ಸಾಕು. ಬರೆಯಬೇಕು, ಲೆಕ್ಕ ಇಡಬೇಕು, ಅರ್ಜಿ ತುಂಬಬೇಕು ಅಂದರೆ ಕೀಲಿಮಣೆ, ಮೌಸು, ವಿಂಡೋಸ್ ಇಲ್ಲದೆ ನಡೆಯುವುದಿಲ್ಲ. ಈ ಅಭಿಪ್ರಾಯ ಎಷ್ಟು ಗಟ್ಟಿಯಾಗಿದೆಯೆಂದರೆ ಈಗ ಅದನ್ನು ಯಾರೂ ಅಭಿಪ್ರಾಯ ಎಂದೇ ತಿಳಿಯುವುದಿಲ್ಲ, ವಸ್ತುಸ್ಥಿತಿ ಎಂದುಕೊಂಡಿದ್ದಾರೆ.

ನನ್ನ ತಕರಾರು ಇರುವುದು ಇಲ್ಲಿ. ಈ ಮಾತು ಹುಟ್ಟಿದ್ದು ಮೇಜಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಬರೆಯುವವರ ಅನುಭವದಿಂದ. ಅವರ ಮಟ್ಟಿಗೆ ಅದು ನಿಜವೂ ಹೌದು. ಮಲಪ್ರಭೆಯ ಆಚೆ ಈಚೆ ಹರಡಿರುವ ಈ ನಾಲ್ಕು ತಾಲ್ಲೂಕುಗಳ ದಿನನಿತ್ಯದ ಕೆಲಸಕ್ಕೆ ಅದನ್ನು ಹಾಗೆಯೇ ತಂದು ಹೊಂದಿಸಿದಾಗ ಮಾತ್ರ ಅದು ತಪ್ಪಾಗುತ್ತದೆ, ಮತ್ತು ಆ ತಪ್ಪಿಗೆ ಜನ ದುಡ್ಡು ಕೊಡುತ್ತಿದ್ದಾರೆ. ಹತ್ತು ಇಂಚಿನ ಪರದೆ, ಸಿಮ್ ಹಾಕಲು ಜಾಗ, ಬೇಕೆನಿಸಿದಾಗ ಜೋಡಿಸಿಕೊಳ್ಳಬಹುದಾದ ಒಂದು ಬ್ಲೂಟೂತ್ ಕೀಲಿಮಣೆ: ಇಷ್ಟಿರುವ ಟ್ಯಾಬ್ಲೆಟ್ ಇಲ್ಲಿಯ ಬಹುಪಾಲು ಜನರ ಮೊದಲ ಕೆಲಸದ ಯಂತ್ರವಾಗಬೇಕಿತ್ತು. ಆಗದಿರುವುದಕ್ಕೆ ಕಾರಣ ಆ ಯಂತ್ರದಲ್ಲಿಲ್ಲ.

ಮೊದಲು ‘ನೋಡುವ ಯಂತ್ರ’ ಎಂಬ ಹಣೆಪಟ್ಟಿ ಎಲ್ಲಿಂದ ಬಂತು ನೋಡೋಣ. 2010ರ ಜನವರಿ 27ರಂದು ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಐಪ್ಯಾಡನ್ನು ತೋರಿಸಿದಾಗ ವೇದಿಕೆಯ ಮೇಲೆ ಒಂದು ಮೆತ್ತನೆಯ ಆರಾಮ ಕುರ್ಚಿ ಹಾಕಿಸಿದ್ದರು. ಅದರಲ್ಲಿ ಒರಗಿ ಕೂತು ಪತ್ರಿಕೆ ಓದಿದರು, ಫೋಟೊ ಸರಿಸಿದರು, ವಿಡಿಯೊ ನೋಡಿದರು. ಫೋನಿಗೂ ಲ್ಯಾಪ್‌ಟಾಪಿಗೂ ನಡುವಿನದು ಎಂದು ಅದಕ್ಕೊಂದು ಜಾಗ ಗೊತ್ತುಮಾಡಿದರು. ಅಂದಿನಿಂದ ಜಗತ್ತಿನ ವಿಮರ್ಶಕರು ಎರಡೇ ಆಸನಗಳ ನಡುವೆ ಚರ್ಚಿಸುತ್ತ ಬಂದಿದ್ದಾರೆ: ಆರಾಮ ಕುರ್ಚಿಗೆ ಟ್ಯಾಬ್ಲೆಟ್, ಆಫೀಸು ಕುರ್ಚಿಗೆ ಲ್ಯಾಪ್‌ಟಾಪ್. ಕುರ್ಚಿಯೇ ಇಲ್ಲದ ಕೆಲಸ ಈ ಚರ್ಚೆಯಲ್ಲಿ ಬರುವುದೇ ಇಲ್ಲ.

ನಮ್ಮ ಕಡೆ ಕೆಲಸ ಎಲ್ಲಿ ನಡೆಯುತ್ತದೆ? ಬದುವಿನ ಮೇಲೆ, ಮನೆಯ ಹೊಸ್ತಿಲಲ್ಲಿ, ಎಪಿಎಂಸಿಯ ಹತ್ತಿ ಅಂಡಿಗೆಯ ಪಕ್ಕದಲ್ಲಿ, ಎಲ್ಲಮ್ಮನ ಗುಡ್ಡದ ಅಂಗಡಿಯ ಗಲ್ಲೆಯ ಮುಂದೆ. ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್ ಕಬ್ಬಿನ ಹೊಲದ ಅಂಚಿನಲ್ಲಿ ನಿಂತೇ ಕ್ಷೇತ್ರ ಬರೆದುಕೊಳ್ಳಬೇಕು. 2020ರ ಮುಂಗಾರಿನಿಂದ ರೈತರೇ ತಮ್ಮ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡಿಕೊಳ್ಳಬಹುದೆಂದು ಸರ್ಕಾರ ಆ್ಯಪ್ ಕೊಟ್ಟಿತು. ಆ ಆ್ಯಪ್ ಸರ್ವೆ ನಂಬರಿನ ಗಡಿಯೊಳಗೆ ನಿಂತು ಫೋಟೊ ತೆಗೆಯಬೇಕೆಂದು ಕೇಳುತ್ತದೆ. ಗೋವಿನಜೋಳದ ನಡುವೆ ಲ್ಯಾಪ್‌ಟಾಪ್ ಹಿಡಿದು ನಿಲ್ಲುವುದು ಸಾಧ್ಯವೇ? 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರು ಮನೆಮನೆಯ ಬಾಗಿಲಲ್ಲಿ ನಿಂತು 60 ಪ್ರಶ್ನೆ ಕೇಳಿ ಆ್ಯಪಿಗೆ ತುಂಬಿದರು. ವಾಯವ್ಯ ಸಾರಿಗೆಯ ಕಂಡಕ್ಟರು ಓಡುವ ಬಸ್ಸಿನಲ್ಲಿ ಟಿಕೆಟ್ ಮಷಿನ್ ಒತ್ತುತ್ತಾರೆ. ಅದು ಕೆಲಸದ ಯಂತ್ರವಲ್ಲ ಎಂದು ಇವತ್ತಿನವರೆಗೆ ಯಾರೂ ಹೇಳಿಲ್ಲ. ಹಾಗಿದ್ದಮೇಲೆ ‘ಕೆಲಸ’ ಎಂಬುದಕ್ಕೆ ಎಕ್ಸೆಲ್ ಹಾಳೆಯ ಮುಂದೆ ಕೂರುವುದು ಎಂಬ ಒಂದೇ ಚಿತ್ರವನ್ನು ಏಕೆ ಅಂಟಿಸಿಕೊಂಡಿದ್ದೇವೆ?

ಇದಕ್ಕೆ ಬರುವ ಎದುರುತ್ತರ ನನಗೆ ಗೊತ್ತು. ನಿಂತು ಮಾಡುವ ಕೆಲಸಕ್ಕೆ ಫೋನೇ ಇದೆಯಲ್ಲ, ನಡುವೆ ಟ್ಯಾಬ್ಲೆಟ್ ಯಾಕೆ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಪರದೆ ಯಾರ ಕಡೆಗೆ ಮುಖ ಮಾಡಿದೆ ಎಂಬುದನ್ನು ನೋಡಬೇಕು. ವಾಡಿಕೆಯ ಹೋಲಿಕೆಗಳಲ್ಲಿ ಪ್ರೊಸೆಸರ್ ಬರುತ್ತದೆ, ರ್‍ಯಾಮ್ ಬರುತ್ತದೆ, ಬ್ಯಾಟರಿ ಬರುತ್ತದೆ, ಇದೊಂದು ಬರುವುದಿಲ್ಲ.

ಭೂಮಿ ಯೋಜನೆಯನ್ನು ನೆನಪಿಸಿಕೊಳ್ಳಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ನಮ್ಮ ಕಡೆ ಉತಾರ ಎನ್ನುವ ಆ ಹಾಳೆಗೆ 15 ರೂಪಾಯಿ ಕೊಟ್ಟು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಪಡೆಯುವ ವ್ಯವಸ್ಥೆ ಬಂತು. ಆ ಕಿಂಡಿಯ ವಿನ್ಯಾಸದಲ್ಲಿ ಒಂದು ಸೂಕ್ಷ್ಮವಿತ್ತು: ಆಪರೇಟರನ ಪರದೆಯಲ್ಲದೆ ರೈತನ ಕಡೆ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇಡಲಾಯಿತು. ತನ್ನ ಹೆಸರಿನ ಮುಂದೆ ಏನು ಬೀಳುತ್ತಿದೆ ಎಂಬುದು ಬೀಳುವ ಹೊತ್ತಿನಲ್ಲೇ ರೈತನಿಗೆ ಕಾಣಬೇಕು ಎಂಬುದು ಅದರ ಉದ್ದೇಶ. ನಮ್ಮ ಇ–ಆಡಳಿತದ ಇತಿಹಾಸದಲ್ಲಿ ಇಷ್ಟು ಪ್ರಜಾಸತ್ತಾತ್ಮಕವಾದ ಇನ್ನೊಂದು ಯಂತ್ರವಿನ್ಯಾಸ ನನಗೆ ಕಂಡಿಲ್ಲ. ಎರಡನೆಯ ಪರದೆ ಒಂದು ಹಕ್ಕು.

ಈಗ ಸೇವಾ ಕೇಂದ್ರಗಳಿಗೆ, ಸೈಬರ್ ಅಂಗಡಿಗಳಿಗೆ ಹೋಗಿ ನೋಡಿ. ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿರುತ್ತದೆ. ಅದರ ಪರದೆ ತುಂಬುವವನಿಗೆ, ಅದರ ಬೆನ್ನು ಅರ್ಜಿದಾರಳಿಗೆ. ಸವದತ್ತಿ ಸೀಮೆಯಲ್ಲಿ ಮನೆಗೊಬ್ಬರು ಯಲ್ಲವ್ವ, ಯಲ್ಲಪ್ಪ ಇದ್ದೇ ಇರುತ್ತಾರೆ. ಒಂದು ದಾಖಲೆಯಲ್ಲಿ ಯಲ್ಲವ್ವ, ಇನ್ನೊಂದರಲ್ಲಿ ಎಲ್ಲವ್ವ, ಮೂರನೆಯದರಲ್ಲಿ ಯಲ್ಲಮ್ಮ. ಈರಪ್ಪ ಮತ್ತು ವೀರಪ್ಪನದೂ ಅದೇ ಪಾಡು. ಆಧಾರಿನ ಹೆಸರು ಉತಾರದ ಹೆಸರಿಗೆ ಹೊಂದದೆ ಹೋದರೆ ಬರಬೇಕಾದ ದುಡ್ಡು ನಿಲ್ಲುತ್ತದೆ, ತಿದ್ದುಪಡಿಗೆ ಮತ್ತೆ ಅಫಿಡವಿಟ್ಟು, ಮತ್ತೆ ಪಾಳಿ. ಈ ತಪ್ಪುಗಳಲ್ಲಿ ಎಷ್ಟೋ ಹುಟ್ಟುವುದು ಅರ್ಜಿದಾರಳು ಪರದೆಯ ಬೆನ್ನಿಗೆ ಕೂತಿರುವ ಆ ಐದು ನಿಮಿಷಗಳಲ್ಲಿ. ಅವಳಿಗೆ ಓದು ಬರದಿರಬಹುದು. ಜೊತೆಗೆ ಬಂದ ಮೊಮ್ಮಗಳಿಗೆ ಬರುತ್ತದೆ. ಆದರೆ ಮೊಮ್ಮಗಳಿಗೂ ಕಾಣುವುದು ಲ್ಯಾಪ್‌ಟಾಪಿನ ಮುಚ್ಚಳವೇ.

ಟ್ಯಾಬ್ಲೆಟನ್ನು ಮೇಜಿನ ಮೇಲೆ ಚಪ್ಪಟೆ ಇಡಬಹುದು, ತಿರುಗಿಸಿ ಎದುರಿನವರ ಕೈಗೆ ಕೊಡಬಹುದು. “ನೋಡ್ರಿ ಯವ್ವಾ, ಹೆಸರ ಸರಿ ಐತೇನ್ರಿ?” ಎಂದು ಕೇಳುವುದಕ್ಕೆ ಅದು ಎಡೆ ಮಾಡಿಕೊಡುತ್ತದೆ. ಫೋನಿನ ಪರದೆಯನ್ನೂ ತಿರುಗಿಸಬಹುದು, ನಿಜ; ಆದರೆ ಅರವತ್ತು ದಾಟಿದ ಕಣ್ಣಿಗೆ ಆರು ಇಂಚಿನಲ್ಲಿ ಅರ್ಜಿ ನಮೂನೆ ಕಾಣುವುದಿಲ್ಲ. ಫೋನು ಒಬ್ಬರದು, ಖಾಸಗಿ. ಅದರಲ್ಲಿ ಮನೆಯ ಮೆಸೇಜುಗಳು ಇಣುಕುತ್ತಿರುತ್ತವೆ, ಇನ್ನೊಬ್ಬರ ಕೈಗೆ ಕೊಡಲು ಮನಸ್ಸು ಬಾರದು. ಇಲ್ಲಿಯ ದಿನನಿತ್ಯದ ಕೆಲಸದಲ್ಲಿ ಹೆಚ್ಚಿನದು ಇಬ್ಬರ ನಡುವಿನ ಕೆಲಸ. ಪೋರ್ಟಲ್ ಗೊತ್ತಿರುವ ಒಬ್ಬರು, ವಿಷಯ ಗೊತ್ತಿರುವ ಇನ್ನೊಬ್ಬರು. ಸೀರೆಯ ಡಿಸೈನು ತೋರಿಸುವ ರಾಮದುರ್ಗದ ನೇಕಾರ ಮತ್ತು ಕೊಳ್ಳಲು ಬಂದ ವ್ಯಾಪಾರಿ. ಮಣ್ಣು ಪರೀಕ್ಷೆಯ ವರದಿ ವಿವರಿಸುವ ಕೃಷಿ ಸಿಬ್ಬಂದಿ ಮತ್ತು ಕೇಳುವ ರೈತ. ಒಬ್ಬರೇ ಕೂತು ಒಬ್ಬರೇ ನೋಡುವ ಕೆಲಸಕ್ಕೆಂದು ರೂಪುಗೊಂಡ ಯಂತ್ರವನ್ನು ನಾವು ಇಬ್ಬರ ಕೆಲಸಕ್ಕೆ ಶ್ರೇಷ್ಠ ಎಂದು ನಂಬಿದ್ದೇವೆ.

ಕೈಯಲ್ಲಿ ಹಿಡಿಯುವ ಪರದೆಗೆ ಬೇರೊಂದು ಕಲ್ಪನೆ ನಮ್ಮ ರಾಜ್ಯದಲ್ಲೇ ಹುಟ್ಟಿತ್ತು ಎಂಬುದನ್ನೂ ಈ ವಾಡಿಕೆಯ ಕಥನ ಮರೆತಿದೆ. ಐಪ್ಯಾಡಿಗಿಂತ ಒಂಬತ್ತು ವರ್ಷ ಮೊದಲು, 2001ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಸಿಂಪ್ಯೂಟರ್ ಎಂಬ ಯಂತ್ರದ ಮಾದರಿಯನ್ನು ಹೊರತಂದರು. ಲಿನಕ್ಸ್, ಮುಟ್ಟುವ ಪರದೆ, ಕಡ್ಡಿಯಿಂದ ಬರೆಯುವ ಸೌಲಭ್ಯ. ಅಕ್ಷರ ಓದಲಾರದವರಿಗೆ ಕನ್ನಡ, ಹಿಂದಿಯಲ್ಲಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡ್. 2004ರ ಮಾರ್ಚಿನಲ್ಲಿ ಬಿಇಎಲ್ ಜೊತೆಗೂಡಿ ‘ಅಮಿಡಾ’ ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಭೂದಾಖಲೆಯ ಮಾಹಿತಿ ಸಂಗ್ರಹಕ್ಕೆ ಕರ್ನಾಟಕ ಸರ್ಕಾರವೇ ಅದನ್ನು ಬಳಸಿ ನೋಡಿತು. ಅದು ಸೋತಿತು, ಮಾರಾಟ ಕೆಲವೇ ಸಾವಿರಕ್ಕೆ ನಿಂತಿತು. ಆದರೆ ಸೋತದ್ದು ವ್ಯಾಪಾರ. ಕೈಪರದೆ ದಾಖಲೆ ಬರೆಯುವ, ಹಂಚಿಕೊಳ್ಳುವ, ನಿಂತು ಬಳಸುವ ಯಂತ್ರ ಎಂಬ ವಿಚಾರ ಸೋಲಲಿಲ್ಲ. ಆ ವಿಚಾರವನ್ನು ಬಿಟ್ಟು ನಾವು ಆರಾಮ ಕುರ್ಚಿಯ ವ್ಯಾಖ್ಯಾನವನ್ನು ತೆಗೆದುಕೊಂಡೆವು.

ಇನ್ನು ಬರವಣಿಗೆ. ಲ್ಯಾಪ್‌ಟಾಪಿನ ಪರ ವಹಿಸುವವರು ಕೊನೆಗೆ ಬಂದು ನಿಲ್ಲುವುದು ಕೀಲಿಮಣೆಯ ಹತ್ತಿರ. ಗಾಜಿನ ಮೇಲೆ ಬೆರಳಾಡಿಸಿ ನಾಲ್ಕು ಸಾಲು ಬರೆಯಬಹುದು, ನಾಲ್ಕು ಪುಟ ಬರೆಯಲಾಗದು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರ ಬಾಯಲ್ಲಿ ಈ ವಾದ ಪ್ರಶ್ನಾತೀತ. ಕನ್ನಡದಲ್ಲಿ?

ಬೆಳಗಾವಿಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಕೊಳ್ಳುವ ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಇರುವುದು ರೋಮನ್ ಅಕ್ಷರಗಳು. ಅದರಲ್ಲಿ ಕನ್ನಡ ಬರೆಯಲು ದಾರಿಗಳಿವೆ: ಕೆ.ಪಿ. ರಾವ್ ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸ ಇದೆ, ಇನ್‌ಸ್ಕ್ರಿಪ್ಟ್ ಇದೆ, 1998ರಲ್ಲಿ ಬಂದ ಬರಹ ಇದೆ, ಕನ್ನಡ ಗಣಕ ಪರಿಷತ್ತಿನ ನುಡಿ ಇದೆ. ಇವುಗಳನ್ನು ಕಟ್ಟಿದವರ ಋಣ ದೊಡ್ಡದು. ರಾವ್ ಅವರ ವಿನ್ಯಾಸ 26 ಕೀಲಿಗಳಲ್ಲಿ ಇಡೀ ವರ್ಣಮಾಲೆಯನ್ನು ಹಿಡಿದ ಪರಿ ಒಂದು ಬೌದ್ಧಿಕ ಸಾಧನೆ ಎಂದೇ ನಾನು ತಿಳಿಯುತ್ತೇನೆ. ಅದನ್ನು ಬೆರಳಿಗೆ ಇಳಿಸಿಕೊಂಡ ಡಿಟಿಪಿ ಆಪರೇಟರನ ವೇಗಕ್ಕೆ ಯಾವ ಟ್ಯಾಬ್ಲೆಟ್ಟೂ ಸಾಟಿಯಲ್ಲ. ಆದರೆ ಆ ವಿದ್ಯೆ ಕಲಿತವರು ಯಾರು? ಕಚೇರಿಯ ಬೆರಳಚ್ಚುಗಾರರು, ಮುದ್ರಣದವರು, ಕೆಲವು ಬರಹಗಾರರು. ಕಾಲೇಜಿನ ಹುಡುಗಿ, ಕಿರಾಣಿ ಅಂಗಡಿಯವರು, ಸ್ತ್ರೀಶಕ್ತಿ ಸಂಘದ ನಡಾವಳಿ ಬರೆಯುವವರು ಕಲಿತಿಲ್ಲ. ಅವರು ಲ್ಯಾಪ್‌ಟಾಪಿನ ಮುಂದೆ ಕೂತಾಗ ಳ ಎಲ್ಲಿ, ಣ ಎಲ್ಲಿ, ಒತ್ತಕ್ಷರ ಹೇಗೆ ಎಂದು ಹುಡುಕಿ ಬೇಸತ್ತು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ, ಇಲ್ಲವೇ ಬರೆಯುವುದನ್ನೇ ಬಿಡುತ್ತಾರೆ.

ಅದೇ ಜನ ಗಾಜಿನ ಮೇಲೆ ಕನ್ನಡ ಬರೆಯುತ್ತಾರೆ. ಯಾಕೆಂದರೆ ಅಲ್ಲಿ ಅಕ್ಷರ ಕಣ್ಣಿಗೆ ಕಾಣುತ್ತದೆ: ಕ ಮುಟ್ಟಿದರೆ ಕ, ಅದರ ಕಾಗುಣಿತ ಮೇಲೆಯೇ ತೆರೆದುಕೊಳ್ಳುತ್ತದೆ. ಬೆರಳಿನಿಂದ ಬರೆದರೂ ಗುರುತಿಸುತ್ತದೆ. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡವೂ ಸೇರಿದಂತೆ ಎಂಟು ಭಾರತೀಯ ಭಾಷೆಗಳಿಗೆ ಧ್ವನಿ ಟೈಪಿಂಗ್ ತಂದಮೇಲೆ ಮಾತಾಡಿದ್ದೂ ಅಕ್ಷರವಾಗುತ್ತಿದೆ. ನಮ್ಮ ಸೀಮೆಯ ಆಡುಮಾತು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ‘ಮಾಡಾಕತ್ತೀನಿ’, ‘ಹೊಂಟೀನಿ’ ಎಂದರೆ ಅದು ತಡವರಿಸುತ್ತದೆ. ಆದರೆ ಅರ್ಜಿ ಬರೆಯುವಾಗ, ಪತ್ರ ಬರೆಯುವಾಗ ಬರವಣಿಗೆಯ ಕನ್ನಡಕ್ಕೆ ಹೊರಳುವುದು ಇಲ್ಲಿಯವರಿಗೆ ಹೊಸದೇನೂ ಅಲ್ಲ, ಶಾಲೆಯ ಮೊದಲ ದಿನದಿಂದ ರೂಢಿ. ಸಂಘದ ನಡಾವಳಿಯನ್ನು ಒಂದೊಂದೇ ವಾಕ್ಯ ಹೇಳಿ, ಬಂದ ಪಠ್ಯವನ್ನು ಬೆರಳಲ್ಲಿ ತಿದ್ದಿ ಎರಡು ಪುಟ ಮಾಡುವ ಹೆಣ್ಣುಮಕ್ಕಳಿದ್ದಾರೆ. ಅದು ಸೃಷ್ಟಿಯಲ್ಲವೇ? ಟ್ಯಾಬ್ಲೆಟ್ ಬಳಕೆಯ ಯಂತ್ರ, ಲ್ಯಾಪ್‌ಟಾಪ್ ಸೃಷ್ಟಿಯ ಯಂತ್ರ ಎಂಬ ವಿಂಗಡಣೆಯ ಒಳಗೆ ರೋಮನ್ ಲಿಪಿಯ ಒಂದು ಪೂರ್ವಗ್ರಹ ಅಡಗಿದೆ. ಲ್ಯಾಪ್‌ಟಾಪಿಗೂ ಧ್ವನಿ ಟೈಪಿಂಗ್ ಇದೆ, ಒಪ್ಪುತ್ತೇನೆ. ಆದರೆ ಬಾಯಲ್ಲಿ ಹೇಳಿ ಬರೆಸುವುದೇ ಆದರೆ ಕೀಲಿಮಣೆಗಾಗಿ ಲ್ಯಾಪ್‌ಟಾಪ್ ಬೇಕು ಎಂಬ ವಾದ ಎಲ್ಲಿ ಉಳಿಯಿತು?

ನನ್ನ ವಾದದ ಎದುರು ನಿಲ್ಲುವ ಅತಿ ಬಲವಾದ ಸಾಕ್ಷ್ಯ 2024ರದು. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು, ನಮ್ಮ ಕಡೆ ಈಗಲೂ ತಲಾಟಿ ಎಂದೇ ಕರೆಯುವವರು, ಕೆಲಸ ನಿಲ್ಲಿಸಿ ಧರಣಿ ಕೂತರು. 2025ರ ಫೆಬ್ರವರಿಯಲ್ಲಿ ಮತ್ತೆ ಕೂತರು. ಹದಿನೈದಕ್ಕೂ ಹೆಚ್ಚು ಆ್ಯಪುಗಳನ್ನು ತಮ್ಮ ಸ್ವಂತ ಮೊಬೈಲಿನಲ್ಲಿ ನಡೆಸಬೇಕಾದ ಒತ್ತಡ ಅವರ ದೂರುಗಳಲ್ಲಿ ಮುಖ್ಯವಾದದ್ದು. ಬೇಡಿಕೆಯಲ್ಲಿ ಲ್ಯಾಪ್‌ಟಾಪ್ ಇತ್ತು. ಮುಂದೆ ಕಂದಾಯ ಇಲಾಖೆ ಲ್ಯಾಪ್‌ಟಾಪ್ ವಿತರಿಸತೊಡಗಿತು. ಕ್ಷೇತ್ರದಲ್ಲಿ ಅಡ್ಡಾಡುವ ನೌಕರರೇ ಲ್ಯಾಪ್‌ಟಾಪ್ ಕೇಳಿದ ಮೇಲೆ ನಿನ್ನ ನಿಂತು ಮಾಡುವ ಕೆಲಸದ ಸಿದ್ಧಾಂತ ಏನಾಯಿತು ಎಂದು ಯಾರಾದರೂ ಕೇಳಬಹುದು.

ಆ ಬೇಡಿಕೆಯ ಪಟ್ಟಿಯನ್ನು ಪೂರ್ತಿ ಓದಬೇಕು. ಅದರಲ್ಲಿ ಮೇಜು ಇತ್ತು, ಕುರ್ಚಿ ಇತ್ತು, ಅಲ್ಮೆರಾ, ಪ್ರಿಂಟರ್ ಇದ್ದವು. ಅವರು ಕೇಳಿದ್ದು ಒಂದು ಚಾವಡಿಯನ್ನು. ಮೇಜಿನ ಕೆಲಸವನ್ನು ಮೇಜೇ ಇಲ್ಲದವರ ತಲೆಗೆ ಕಟ್ಟಿ, ಸಾವಿರಾರು ಸಾಲುಗಳ ಆಧಾರ್ ಜೋಡಣೆಯ ಪಟ್ಟಿಗಳನ್ನು ಆರು ಇಂಚಿನ ಸ್ವಂತ ಫೋನಿನಲ್ಲಿ ಮುಗಿಸು ಎಂದದ್ದು ಅನ್ಯಾಯ. ಅಂಥ ಉದ್ದನೆಯ ಪಟ್ಟಿಗೆ ಲ್ಯಾಪ್‌ಟಾಪೇ ಸರಿ. ಎರಡು ಕಡತ ಪಕ್ಕಪಕ್ಕ ತೆರೆದು ತಾಳೆ ನೋಡುವ ಕೆಲಸದಲ್ಲಿ ಟ್ಯಾಬ್ಲೆಟ್ ಇವತ್ತಿಗೂ ಎಡವುತ್ತದೆ. ಅವರ ಹೋರಾಟದಿಂದ ಸಾಬೀತಾಗುವುದು ಫೋನಿನ ಅಸಮರ್ಪಕತೆ ಮತ್ತು ಸರ್ಕಾರದ ಜಿಪುಣತನ. ಬೆಳೆಹಾನಿಯ ಫೋಟೊ ತೆಗೆದು, ಪಂಚನಾಮೆ ಬರೆದು, ನೊಂದವರ ಸಹಿ ಅಲ್ಲೇ ಪಡೆಯಬೇಕಾದ ಹೊತ್ತಿನಲ್ಲಿ ಅದೇ ಲ್ಯಾಪ್‌ಟಾಪ್ ಚಾವಡಿಯ ಅಲ್ಮೆರಾದಲ್ಲಿರುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ಊರುಗಳು ಮುಳುಗಿದಾಗ ಬಿದ್ದ ಮನೆಗಳ ಲೆಕ್ಕ ಹಾಕಿದ್ದು ಕೆಸರಿನಲ್ಲಿ ನಿಂತು.

‘ನೋಡುವುದಕ್ಕೆ ಟ್ಯಾಬ್’ ಎಂಬ ನಂಬಿಕೆ ನಿರುಪದ್ರವಿಯೂ ಅಲ್ಲ. 2021ರ ಜೂನ್‌ನಲ್ಲಿ, ಕೋವಿಡ್ ನಡುವೆ, ರಾಜ್ಯ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡಲು ಹೊರಟಿತು. ವೆಚ್ಚ 163 ಕೋಟಿ, ಅಂದರೆ ಒಂದಕ್ಕೆ ಹತ್ತೂವರೆ ಸಾವಿರದ ಲೆಕ್ಕ. ಅದಕ್ಕೂ ಮುಂಚೆ ಪದವಿ ವಿದ್ಯಾರ್ಥಿಗಳಿಗೆ ಇದೇ ರಾಜ್ಯ ಲ್ಯಾಪ್‌ಟಾಪ್ ಕೊಟ್ಟಿತ್ತು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಇಲ್ಲಿಯ ಕಾಲೇಜುಗಳಿಗೂ ಎರಡೂ ಬಂದವು. ಸರ್ಕಾರದ ಒಳ್ಳೆಯ ಉದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಆ ಖರೀದಿಯ ಹಿಂದಿನ ಕಲ್ಪನೆಯನ್ನು ನೋಡಿ: ಆನ್‌ಲೈನ್ ಪಾಠ ಕೇಳಲು, ಅಧ್ಯಯನ ಸಾಮಗ್ರಿ ನೋಡಲು ಒಂದು ಕಿಟಕಿ. ಮಗು ಬರೆಯುತ್ತದೆ, ದಾಖಲಿಸುತ್ತದೆ, ಊರಿನ ಸಮೀಕ್ಷೆ ಮಾಡುತ್ತದೆ, ಅಜ್ಜಿಯ ಗೀಗೀ ಪದ ಧ್ವನಿಮುದ್ರಿಸಿ ಬರಹಕ್ಕಿಳಿಸುತ್ತದೆ ಎಂಬ ನಿರೀಕ್ಷೆಗೆ ಅಲ್ಲಿ ಜಾಗವಿರಲಿಲ್ಲ. ಒಂದು ಕೀಲಿಮಣೆ ಜೊತೆಗಿದ್ದಿದ್ದರೆ, ಕನ್ನಡದಲ್ಲಿ ನಿಯೋಜಿತ ಕಾರ್ಯ ಬರೆದು ಒಪ್ಪಿಸುವ ತರಬೇತಿ ಸಿಕ್ಕಿದ್ದರೆ ಅದೇ ಯಂತ್ರದ ಕಥೆ ಬೇರೆಯಾಗುತ್ತಿತ್ತು. ನೋಡುವ ಯಂತ್ರ ಎಂದು ಮೊದಲೇ ನಂಬಿ ಕೊಂಡರೆ ಅದು ನೋಡುವ ಯಂತ್ರವಾಗಿಯೇ ಉಳಿಯುತ್ತದೆ. ಆಮೇಲೆ ಅದನ್ನೇ ತೋರಿಸಿ, ನಾವು ಹೇಳಿರಲಿಲ್ಲವೇ ಎನ್ನುತ್ತೇವೆ.

ಟ್ಯಾಬ್ಲೆಟ್ ಕೊಂಡು ಕೈಸುಟ್ಟುಕೊಂಡವರ ದೂರುಗಳನ್ನು ಒಂದೊಂದಾಗಿ ಬಿಡಿಸಿದರೆ ಗೋಡೆ ಎಲ್ಲಿದೆ ಎಂಬುದು ಕಾಣುತ್ತದೆ. ಮೊದಲನೆಯದು ನುಡಿಯ ಹಳೆಯ ಫಾಂಟುಗಳು. ಕಚೇರಿಯಿಂದಲೋ ಡಿಟಿಪಿ ಅಂಗಡಿಯಿಂದಲೋ ಬಂದ ಕಡತ ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಅಸಂಬದ್ಧ ಸಾಲುಗಳು. ಯುನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕೂರಿಸಿದ್ದರು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದು ಕನ್ನಡ. 1990ರ ದಶಕಕ್ಕೆ ಅದು ಅನಿವಾರ್ಯ ಉಪಾಯ. ನುಡಿಯೇ ಯುನಿಕೋಡಿಗೆ ಬಂದು ಎಷ್ಟೋ ಕಾಲವಾದ ಮೇಲೂ ಕಚೇರಿಗಳು, ಮುದ್ರಣಾಲಯಗಳು ಹಳೆಯ ಫಾಂಟಿನಲ್ಲೇ ಕಡತ ಕಳಿಸುವುದು ಈಗ ಬರೀ ಅಭ್ಯಾಸಬಲ. ಆಂಡ್ರಾಯ್ಡಿನಲ್ಲಿ ಆ ಫಾಂಟು ಹಾಕಿಕೊಳ್ಳುವುದು ಸಾಮಾನ್ಯರ ಕೈಲಾಗದ ಕೆಲಸ. ಹೀಗಾಗಿ ಬಳಕೆದಾರ ‘ಟ್ಯಾಬಿನಾಗ ಕನ್ನಡ ಬರೂದಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾನೆ. ವಾಸ್ತವದಲ್ಲಿ ಕಳಿಸಿದ ಕಡತದಲ್ಲೇ ಕನ್ನಡ ಇರಲಿಲ್ಲ.

ಪೋರ್ಟಲುಗಳ ಕಥೆಯೂ ಇದೇ. ಪಂಚಾಯಿತಿಯ ಡಿಜಿಟಲ್ ಸಹಿ ಯುಎಸ್‌ಬಿ ಕಡ್ಡಿಯಲ್ಲಿದೆ, ಅದರ ಡ್ರೈವರ್ ವಿಂಡೋಸ್ ಕೇಳುತ್ತದೆ. ಅರ್ಜಿಯ ನಮೂನೆ ದೊಡ್ಡ ಪರದೆಗೆ ಅಳತೆ ಮಾಡಿದ್ದು, ಮುಟ್ಟಿದರೆ ಪಕ್ಕದ ಗುಂಡಿ ಒತ್ತಿಕೊಳ್ಳುತ್ತದೆ. ಬೆರಳಚ್ಚಿನ ಸಾಧನ ಮಾತ್ರ ಆಂಡ್ರಾಯ್ಡಿಗೂ ಸರಾಗವಾಗಿ ಕೂಡುತ್ತದೆ, ಏಕೆಂದರೆ ಊರೂರಿಗೆ ಹೋಗಿ ಹಣ ಕೊಡುವ ಬ್ಯಾಂಕ್ ಪ್ರತಿನಿಧಿಗಳಿಗೆ ಅದು ಬೇಕಿತ್ತು. ಬೇಕೆಂದವರು ಕೇಳಿದಾಗ ಆಗುತ್ತದೆ. ಇವೆಲ್ಲ ಯಾರೋ ಕೂತು ಮಾಡಿದ ತೀರ್ಮಾನಗಳು, ಬದಲಿಸಬಹುದಾದವು.

ಹಣದ ಮಾತಿನಲ್ಲಿ ಟ್ಯಾಬ್ಲೆಟ್ಟಿನ ಪರ ನಾನು ಇಷ್ಟು ಗಟ್ಟಿಯಾಗಿ ನಿಲ್ಲಲಾರೆ. ಬೆಂಗಳೂರಿನ ಕಂಪನಿಗಳು ಬಳಸಿ ಕೈಬಿಟ್ಟ ಲ್ಯಾಪ್‌ಟಾಪುಗಳು ಹುಬ್ಬಳ್ಳಿ, ಬೆಳಗಾವಿಯ ಅಂಗಡಿಗಳಲ್ಲಿ ಒಳ್ಳೆಯ ಟ್ಯಾಬ್ಲೆಟ್ಟಿನ ಬೆಲೆಗೇ ಸಿಗುತ್ತವೆ. ಅವನ್ನು ಬಿಚ್ಚಿ ರ್‍ಯಾಮ್ ಹಾಕಬಹುದು, ಎಸ್‌ಎಸ್‌ಡಿ ಹಾಕಬಹುದು, ಕೀಲಿಮಣೆ ಬದಲಿಸಬಹುದು. ಟ್ಯಾಬ್ಲೆಟ್ಟಿನ ಗಾಜು ಒಡೆದರೆ ಸವದತ್ತಿಯಲ್ಲಿ ರಿಪೇರಿಯಿಲ್ಲ. ಬ್ಯಾಟರಿ ಸತ್ತರೆ ಬಿಚ್ಚುವುದೇ ಸಾಹಸ. ಅಗ್ಗದ ಆಂಡ್ರಾಯ್ಡ್ ಟ್ಯಾಬ್ಲೆಟ್ಟಿಗೆ ಒಂದೆರಡು ವರ್ಷದಲ್ಲಿ ಅಪ್‌ಡೇಟು ನಿಲ್ಲುತ್ತದೆ. ತಯಾರಕರ ಈ ನಡವಳಿಕೆಗೆ ನನ್ನಲ್ಲಿ ಸಮರ್ಥನೆ ಇಲ್ಲ. ಹಳೆಯ ಲ್ಯಾಪ್‌ಟಾಪಿಗೂ ಅದರದೇ ಗಂಡಾಂತರ ಬಂದಿದೆ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು, ಸೆಕೆಂಡ್‌ಹ್ಯಾಂಡ್ ಅಂಗಡಿಯ ಎಷ್ಟೋ ಯಂತ್ರಗಳಿಗೆ ವಿಂಡೋಸ್ 11 ಒಗ್ಗುವುದಿಲ್ಲ. ಅವುಗಳ ದಣಿದ ಬ್ಯಾಟರಿ ಒಂದು ತಾಸೂ ನಿಲ್ಲದು. ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುವ ತೋಟದ ಮನೆಯಲ್ಲಿ ಫೋನಿನ ಚಾರ್ಜರಿನಿಂದಲೇ ತುಂಬಿಕೊಳ್ಳುವ, ತನ್ನದೇ ಸಿಮ್ಮಿನಿಂದ ಇಂಟರ್ನೆಟ್ ಹಿಡಿಯುವ ಯಂತ್ರದ ಬೆಲೆ ನಗರದ ವಿಮರ್ಶೆಗಳಲ್ಲಿ ಕಾಣಿಸುವುದಿಲ್ಲ.

ಆದ್ದರಿಂದ ರಾಮದುರ್ಗದ ಆ ಮಗಳಿಗೆ ಏನು ಕೊಡಿಸಬೇಕು ಎಂದು ನನ್ನನ್ನು ಕೇಳಿದರೆ ಮೊದಲು ಅವಳು ಏನು ಓದುತ್ತಾಳೆ ಎಂದು ತಿಳಿದುಕೊಳ್ಳುತ್ತೇನೆ. ಬಿಸಿಎ ಅಂದರೆ ಲ್ಯಾಪ್‌ಟಾಪ್, ಚರ್ಚೆಯೇ ಇಲ್ಲ. ಟ್ಯಾಬ್ಲೆಟ್ಟಿನಲ್ಲಿ ಪ್ರೋಗ್ರಾಮಿಂಗ್ ಕಲಿ ಎನ್ನುವುದು ಹಿಂಸೆ. ಲೆಕ್ಕಪತ್ರದ ಟ್ಯಾಲಿ ಕಲಿಯುವ ಬಿ.ಕಾಂ.ಗೂ ಅದೇ ಮಾತು. ಬಿ.ಎ. ಓದಿ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತು, ಬಿಡುವಿನಲ್ಲಿ ಮನೆಯ ಮಗ್ಗದ ಸೀರೆಗಳನ್ನು ವಾಟ್ಸ್‌ಆ್ಯಪಿನಲ್ಲಿ ಮಾರುವವಳಾದರೆ, ಪೆನ್ನೂ ಕೀಲಿಮಣೆಯೂ ಇರುವ ಟ್ಯಾಬ್ಲೆಟ್. ಪ್ರಿಂಟು ಬೇಕಾದಾಗ ಪಿಡಿಎಫನ್ನು ಝೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪಿಗೆ ಕಳಿಸುವುದು ಈಗ ಎಲ್ಲ ಊರಲ್ಲೂ ನಡೆದಿದೆ.

ಸರ್ಕಾರಕ್ಕೆ ನನ್ನ ಒತ್ತಾಯ ಇನ್ನೂ ನೇರ. 2027ರ ಜನಗಣತಿಯನ್ನು ಮೊಬೈಲ್ ಆ್ಯಪಿನಲ್ಲಿ ನಡೆಸುವುದಾಗಿ ಕೇಂದ್ರ ಹೇಳಿದೆ. 2025ರ ಸಮೀಕ್ಷೆಯಂತೆಯೇ ಶಿಕ್ಷಕರು ಸ್ವಂತ ಫೋನು ಹಿಡಿದು ಹೊಸ್ತಿಲಲ್ಲಿ ನಿಂತರೆ ಬರೆಯುವವರಿಗೂ ಕಷ್ಟ, ಬರೆಸುವವರಿಗೂ ಕತ್ತಲೆ. ಗಣತಿದಾರರಿಗೆ ಹತ್ತು ಇಂಚಿನ ಪರದೆ ಕೊಡಿ. ಕನ್ನಡದ ನಮೂನೆಯನ್ನು ಆ ಅಳತೆಗೆ ರೂಪಿಸಿ. ಸಲ್ಲಿಸು ಎಂಬ ಗುಂಡಿಗೆ ಮೊದಲು, ಬರೆದದ್ದೆಲ್ಲ ದೊಡ್ಡಕ್ಷರದಲ್ಲಿ ಒಂದೇ ಪುಟದಲ್ಲಿ ಕಾಣಿಸುವ ಹಂತವೊಂದನ್ನು ಕಡ್ಡಾಯ ಮಾಡಿ, ಆ ಪುಟವನ್ನು ಮನೆಯವರ ಕಡೆಗೆ ತಿರುಗಿಸಿ ತೋರಿಸಬೇಕೆಂದು ತರಬೇತಿಯಲ್ಲೇ ಹೇಳಿ. ಗಣತಿ ಮುಗಿದ ಮೇಲೆ ಆ ಯಂತ್ರಗಳು ಕೀಲಿಮಣೆಯ ಸಮೇತ ಅದೇ ಶಾಲೆಗಳಿಗೆ ಸೇರಲಿ.